ಪೆಟ್ಟಿಗೆಯೊಳಗಿನ ಬಟ್ಟೆ

ಬಟ್ಟೆಬರೆಯ ವಿಚಾರವು ಹೆಂಗಸರಿಗೆ ಸೇರಿದ್ದೆಂದು ಬದಿಗೆ ಸರಿಸುವ ಗೃಹಸ್ಥರು ನಮ್ಮಲ್ಲಿ ಅನೇಕರುಂಟು. ಒಂದು ಜನಾಂಗದ ಚರಿತ್ರೆಯು ಅರಸರ ಶಾಸನಗಳಲ್ಲಿರುವಂತೆಯೇ ಅಜ್ಜಿಯ ಪೆಟ್ಟಿಗೆಯಲ್ಲಿಯೂ ಅಡಗಿರಬಹುದೆಂಬುದಕ್ಕೆ ಯುರೋಪಿನ ಉತ್ತರಭಾಗದ ಡೆನ್ಮಾರ್ಕ್ ಎಂಬ ಚಿಕ್ಕ ದೇಶದ ನಿದರ್ಶನವನ್ನು ಈ ತಿಂಗಳು ವಾಚಕರ ಮುಂದಿಡುವೆವು.

18ನೆಯ ಶತಮಾನದಲ್ಲಿಯೂ 19ನೆಯ ಶತಮಾನದ ಪೂರ್ವಾರ್ಧದಲ್ಲಿಯೂ ಅಲ್ಲಿಯ ರೈತರು ಉಡುತ್ತಿದ್ದ ಬಟ್ಟೆಯ ಬಹುಭಾಗವು ಮನೆಯಲ್ಲಿಯೇ ಹುಟ್ಟುತ್ತಿತ್ತು. ಅಗಸೆಯನ್ನು ಬಿತ್ತಿ, ಬೇರುಸಹಿತ ಕಿತ್ತು, ಕಾಯನ್ನುದುರಿಸಿ, ನೀರಿನಲ್ಲಿ ಕೊಳೆಹಾಕಿ, ಒಣಗಿಸಿ, ಬಡಿದು, ಕಬ್ಬಿಣದ ಹಲ್ಲುಗಳಲ್ಲಿ ಬಾಚಿ ನಾರನ್ನು ತೆಗೆಯುವರು. ನೂಲುವುದೂ ನೇಯುವುದೂ ಆಮೇಲಿನ ಮಾತು. ಒಳಯಂಗಿಯೂ ತಲೆವಸ್ತ್ರವೂ ಅಗಸೆಯ ನಾರಿನವು. ಪಟ್ಟೆಪಟ್ಟೆಯಾದ ಲಂಗಕ್ಕಾದರೋ ಹಾಸಿಗೆ ಅಗಸೆಯ ನೂಲು, ಹೊಕ್ಕಿಗೆ ಉಣ್ಣೆ. ಕೆಂಪುಬಣ್ಣವು ನಮ್ಮ ಮಂಜಿಷ್ಠದ ಜಾತಿಗೆ ಸೇರಿದ ಒಂದು ಬೇರಿನಿಂದ ಬರುತ್ತಿತ್ತು. ನೀಲಿಯನ್ನು ಕರಗಿಸುವುದಕ್ಕೆ ಮನೆಮಂದಿಯ ಮೂತ್ರವನ್ನು ಗಡಿಗೆಯಲ್ಲಿ ಕೂಡಿಟ್ಟು ಹಳಸಿಸುತ್ತಿದ್ದರು. ಮೂಗು ಮುಚ್ಚಿಕೊಳ್ಳುವ ವಾಚಕರು ಮುಚ್ಚಿಕೊಳ್ಳಲಿ. ಬಣ್ಣವು ಮಾತ್ರ ಗಟ್ಟಿಯಾಗಿ ನಿಲ್ಲುತ್ತಿತ್ತು. ಆ ನೀಲಿಗೂ ನಮಗೂ ನಂಟುಂಟು. 19ನೆಯ ಶತಮಾನದಲ್ಲಿ ಯುರೋಪಿಗೆ ಹೋಗುತ್ತಿದ್ದ ನೀಲಿಯಲ್ಲಿ ಬಂಗಾಳದ್ದು ಬಹಳ. ಸಂಸ್ಕೃತದ ‘ನೀಲ’ ಶಬ್ದವೇ ಅರಬ್ಬರಲ್ಲಿ ‘ಅನ್ನೀಲ್’ ಆಗಿ, ಪೋರ್ಚುಗೀಸರಲ್ಲಿ ‘ಅನಿಲ್’ ಆಗಿ, ಕಡೆಗೆ ರಸಾಯನಶಾಸ್ತ್ರಜ್ಞರ ‘ಅನಿಲೀನ್’ ಆಯಿತು. ಡೇನರೂ 1620ರಿಂದ 1845ರ ವರೆಗೆ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೋಟೆ ಕಟ್ಟಿಕೊಂಡಿದ್ದು, ನಮ್ಮ ಕಡಲತೀರದ ಹತ್ತಿಬಟ್ಟೆಯನ್ನು ಕೋಪನ್‌ಹೇಗನ್ನಿಗೆ ಸಾಗಿಸುತ್ತಿದ್ದರು.

ಕಸೂತಿಯಲ್ಲಿ ಹೆಸರಾದುದು ಹೇಡೆಬೊ ಎಂಬುದು. ಕೋಪನ್‌ಹೇಗನ್, ರೋಸ್ಕಿಲ್ಡೆ ಊರುಗಳ ದಕ್ಷಿಣದ ಬಯಲುಸೀಮೆಯ ರೈತಸ್ತ್ರೀಯರು ಬಿಳಿಯ ಬಟ್ಟೆಯ ಮೇಲೆ ಬಿಳಿಯ ನೂಲಿನಿಂದಲೇ ಇದನ್ನು ಮಾಡುತ್ತಿದ್ದರು. ನೆಯ್ಗೆಯ ಎಳೆಗಳನ್ನು ಎಣಿಸಿ, ಕೆಲವನ್ನು ಕತ್ತರಿಸಿ ಎಳೆದುಹಾಕಿ, ಉಳಿದವನ್ನು ಸುತ್ತಿ ಬಿಗಿದು ಜಾಲರಿಯಂತೆ ಮಾಡುವ ಕೆಲಸವದು. ಮುಖವೊರಸುವ ವಸ್ತ್ರಕ್ಕೂ ಇಂತಹ ಕೆಲಸ ಮಾಡಿ, ಒರಸದೆ, ಗೋಡೆಗೆ ತೂಗಹಾಕಿ ನೋಡುವರು! 1783ರಲ್ಲಿ ರೈತರ ಆಡಂಬರವನ್ನು ತಡೆಯಲು ರಾಜಾಜ್ಞೆಯೇ ಹೊರಟಿತು. ಆಜ್ಞೆ ಬೇಕಾಯಿತೆಂದ ಮೇಲೆ ರೈತರು ಪೇಟೆಯ ರೇಷ್ಮೆಯನ್ನು ಕೊಳ್ಳುತ್ತಿದ್ದರೆಂದು ಬೇರೆ ಹೇಳಬೇಕೆ?

ಗಿರಣಿಯ ಬಟ್ಟೆ ಅಗ್ಗವಾದ ಬಳಿಕ ಈ ಉಡುಗೆಗಳು 19ನೆಯ ಶತಮಾನದ ನಡುವಿನಿಂದ ಮರೆಯಾಗತೊಡಗಿದವು. ಫಾನೋ ದ್ವೀಪದಂತಹ ಕೆಲವೆಡೆಗಳಲ್ಲಿ ಮಾತ್ರ ವೃದ್ಧೆಯರು 20ನೆಯ ಶತಮಾನದಲ್ಲಿಯೂ ಅವನ್ನು ಬಿಡಲಿಲ್ಲ. ಜನರು ದೇಶವನ್ನು ಬಿಟ್ಟು ಹೋದುದೂ ಆ ಕಾಲದಲ್ಲಿಯೇ. 1914ರೊಳಗಾಗಿ ಸುಮಾರು 3 ಲಕ್ಷ ಡೇನರು ಅಮೆರಿಕಕ್ಕೆ ಹೋದರು; 1880ರಲ್ಲಿ ಆ ದೇಶದ ಜನಸಂಖ್ಯೆಯೇ 20 ಲಕ್ಷದಷ್ಟೆಂಬುದನ್ನು ನೆನೆಯಬೇಕು. ಹಲವರಿಗೆ ಉಳಲು ಭೂಮಿಯಿರಲಿಲ್ಲ. 1864ರ ಯುದ್ಧದಲ್ಲಿ ಪ್ರಷ್ಯದ ವಶವಾದ ದಕ್ಷಿಣಸೀಮೆಯ ತರುಣರಿಗೆ ಶತ್ರುವಿನ ಸೈನ್ಯದಲ್ಲಿ ದುಡಿಯಲು ಮನಸ್ಸಿರಲಿಲ್ಲ. ಅಯೋವಾ, ನೆಬ್ರಾಸ್ಕಾ, ಮಿನ್ನೆಸೋಟ, ಯೂಟಾ ಪ್ರಾಂತಗಳಲ್ಲಿ ಅವರು ನೆಲೆಸಿದರು.

ಈಗ ತೊಡಕಿನ ಮಾತಿಗೆ ಬರುವೆವು. ಅಲ್ಲಿಯ ಎಷ್ಟೋ ಮನೆಗಳಲ್ಲಿ ‘ಇದು ನಮ್ಮ ಮುತ್ತಜ್ಜಿ ಹಡಗಿನಲ್ಲಿ ತಂದ ಉಡುಗೆ’ ಎಂದು ಕೆಂಪು ಲಂಗ, ಕಪ್ಪು ಕುಪ್ಪಸ, ಬಿಳಿಯ ಮುಂವಸ್ತ್ರಗಳನ್ನು ತೋರಿಸುವರು. ಆದರೆ 1880ರ ಸುಮಾರಿನಲ್ಲಿ ಹೊರಟ ಮುತ್ತಜ್ಜಿಯು ಬಹುಮಟ್ಟಿಗೆ ಪೇಟೆಯ ಉಡುಪನ್ನೇ ತೊಟ್ಟಿದ್ದಳು. ಬರ್ನ್‌ಹಾರ್ಡ್ ಓಲ್ಸನ್ ಎಂಬ ಮಹನೀಯರು 1885ರಲ್ಲಿ ಕೋಪನ್‌ಹೇಗನ್ನಿನಲ್ಲಿ ಜನಪದ ವಸ್ತುಸಂಗ್ರಹಾಲಯವನ್ನು ತೆರೆದರು. 1901ರಲ್ಲಿ ಅದೇ ನಗರದಲ್ಲಿ ಜಾನಪದ ನೃತ್ಯದ ಸಂಘವು ಹುಟ್ಟಿತು. ಹಳೆಯ ಮಾದರಿಗಳನ್ನು ನೋಡಿ ಹೊಸದಾಗಿ ಹೊಲಿಯುವ ಪದ್ಧತಿ ಹೀಗೆ ಬೆಳೆದು, ಕಡಲನ್ನೂ ದಾಟಿತು. ಹಬ್ಬದ ದಿನ ತೊಡುವ ಅಮೆರಿಕದ ಉಡುಗೆಗಳಲ್ಲಿ ಹೆಚ್ಚಿನವು ಅಲ್ಲಿಯೇ 20ನೆಯ ಶತಮಾನದಲ್ಲಿ ಹೊಲಿದವು.

ಹಾಗಾದರೆ ಅವು ಸುಳ್ಳೋ? ನಾವು ಹಾಗೆನ್ನಲಾರೆವು. 1521ರಲ್ಲಿ ಎರಡನೆಯ ಕ್ರಿಶ್ಚಿಯನ್ ದೊರೆಯು ಡಚ್ ರೈತರನ್ನು ಕರೆಸಿ, ಕಾಯಿಪಲ್ಯ ಬೆಳೆಯಲೆಂದು ಕೋಪನ್‌ಹೇಗನ್ನಿನ ಪಕ್ಕದ ಆಮಾಗರ್ ದ್ವೀಪದಲ್ಲಿ ನೆಲೆಗೊಳಿಸಿದನು. ಅವರು ತಮ್ಮ ಉಡುಗೆಯನ್ನೂ ನುಡಿಯನ್ನೂ ತಲೆತಲಾಂತರಕ್ಕೆ ಕಾಯ್ದುಕೊಂಡರು. ಅವರ ಚರ್ಚಿಗೆ ಡೇನಿಷ್ ಭಾಷೆಯು ಬಂದುದು 1811ರಲ್ಲಿ. ಇಂದು ಡೇನರ ನಾಡುಡುಗೆಗಳನ್ನು ಎಣಿಸುವಾಗ ಆಮಾಗರಿನದನ್ನು ಬಿಡುವವರಿಲ್ಲ. ವಲಸೆ ಬಂದವರ ಬಟ್ಟೆಯೇ ದೇಶದ ಬಟ್ಟೆಯಾದ ಮೇಲೆ, ವಲಸೆ ಹೋದವರ ಮೊಮ್ಮಗಳು ಹೊಲಿದುದನ್ನು ಹಳಿಯುವುದು ನ್ಯಾಯವಲ್ಲ. ಹೊಲಿದವಳ ಹೆಸರನ್ನೂ ವರ್ಷವನ್ನೂ ಇದ್ದಂತೆ ಹೇಳಿದರಾಯಿತು. ಮುತ್ತಜ್ಜಿಯ ಹೆಸರನ್ನು ಅಂಟಿಸಿದರೆ, ಹೊಲಿದ ಅಜ್ಜಿಯ ಶ್ರಮವು ಮರೆತುಹೋಗುವುದು. ಅದನ್ನು ಮಾತ್ರ ನಾವು ಒಪ್ಪೆವು.

ಇನ್ನೊಂದು ಅನರ್ಥವುಂಟು. ಥಳಥಳಿಸುವ ಉಡುಗೆಯನ್ನು ಗಾಜಿನ ಬೀರುವಿನಲ್ಲಿಟ್ಟು, ನಿಜವಾಗಿಯೂ ಹಡಗಿನಲ್ಲಿ ಬಂದ ಸಾದಾ ಬಟ್ಟೆಯನ್ನು ಅಡುಗೆಮನೆಯ ಒರಸುಬಟ್ಟೆಯಾಗಿ ಹರಿದುಹಾಕುವರು. ಮದುವೆಗೆ ಮುಂಚೆ ಹುಡುಗಿಯರು ತಮ್ಮ ಪೆಟ್ಟಿಗೆಯ ಬಟ್ಟೆಗೆ ಮೂಲೆಯಲ್ಲಿ ಅಡ್ಡಹೊಲಿಗೆಯಿಂದ ಮೊದಲಕ್ಷರಗಳನ್ನೂ ವರ್ಷವನ್ನೂ ಹಾಕುತ್ತಿದ್ದರು. ಕೆ, ಎನ್, ಡಿ ಎಂಬ ಮೂರಕ್ಷರಗಳಿದ್ದುವೆಂದು ಇಟ್ಟುಕೊಳ್ಳೋಣ. ‘ಡಿ’ ಇಂದ ತೊಡಗುವ ಮನೆತನವೇ ನಮ್ಮಲ್ಲಿಲ್ಲವಲ್ಲ, ಇದು ಯಾರದೋ ಎಂದು ಮನೆಯವರು ಉದಾಸೀನ ಮಾಡುವರು. ಆದರೆ ಆ ಕಾಲದ ರೈತರಲ್ಲಿ ಮಗಳಿಗೆ ತಂದೆಯ ಹೆಸರೇ ಉಪನಾಮ. ‘ಡಿ’ ಎಂದರೆ ‘ದಾಟರ್’, ಮಗಳು. ನಮ್ಮ ‘ದುಹಿತೃ’ ಶಬ್ದದ ಒಡಹುಟ್ಟು. ಆದುದರಿಂದ ಅದನ್ನು ನೀಲ್ಸನ ಮಗಳು ಕಾರೆನ್ ಎಂದೋ ಕೀರ್ಸ್ಟೆನ್ ಎಂದೋ ಓದಬೇಕು. ಊರು ತಿಳಿದಿದ್ದರೆ ಡೆನ್ಮಾರ್ಕಿನ ಚರ್ಚುಗಳ ಜನನವಿವಾಹಗಳ ದಾಖಲೆಯಲ್ಲಿ ಅವಳನ್ನು ಹುಡುಕಬಹುದು. ಆ ಪುಸ್ತಕಗಳನ್ನು ಅಲ್ಲಿಯ ಸರ್ಕಾರಿ ಪತ್ರಾಗಾರವು ಎಲ್ಲರೂ ನೋಡುವಂತೆ ತೆರೆದಿಟ್ಟಿದೆ. ಅಯೋವಾದ ಎಲ್ಕ್ ಹಾರ್ನ್ ಎಂಬ ಹಳ್ಳಿಯಲ್ಲಿ ಇಂತಹ ವಲಸೆಯವರ ವಸ್ತುಗಳಿಗಾಗಿಯೇ ಒಂದು ಸಂಗ್ರಹಾಲಯವಿರುವುದು. ಹೊಲಿದ ಆ ಮೂಲೆಯನ್ನು ಕತ್ತರಿಸಿ ಚೌಕಟ್ಟಿಗೆ ಹಾಕುವವರೂ ಉಂಟು. ಹಾಗೆ ಮಾಡದೆ ಬಟ್ಟೆಯನ್ನು ಇಡಿಯಾಗಿ ತೊಳೆದು, ಗಂಜಿ ಹಾಕದೆ, ಮಡಿಕೆ ಬೀಳದಂತೆ ಸುರುಳಿ ಸುತ್ತಿ, ಬೆಳಕು ತಗಲದ ಕಡೆ ಇಡುವುದು ಲೇಸು.