ಬ್ಯಾಗು ಮಡಿಲಿಗೆ ಬಂದದ್ದೇಕೆ?

ಈ ಸಲ ಅಡುಗೆಮನೆಯ ಮಾತಲ್ಲ, ನನ್ನದೇ ಒಂದು ತಪ್ಪಿನ ಮಾತು.

ಹೋದ ತಿಂಗಳು ಮಗಳೊಂದಿಗೆ ಹುಬ್ಬಳ್ಳಿಯಲ್ಲಿ ಯಲ್ಲಾಪುರದ ಬಸ್ಸು ಹತ್ತಿದ್ದೆ. ಪಕ್ಕದಲ್ಲಿದ್ದ ಗೃಹಸ್ಥರು ಕಲಘಟಗಿಯಲ್ಲಿ ಇಳಿದರು. ಆ ಜಾಗಕ್ಕೆ ಕಡುಗಪ್ಪು ಬಣ್ಣದ, ಗುಂಗುರು ಕೂದಲಿನ ಯುವಕನೊಬ್ಬ ಬಂದು ಕೂತ. ನನಗೇ ತಿಳಿಯದಂತೆ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡೆ.

"ಅಮ್ಮಾ, ಆ ಮಾಮ ಇದ್ದಾಗ ಬ್ಯಾಗು ಕೆಳಗೇ ಇತ್ತಲ್ಲ?" ಅಂದಳು ಮಗಳು, ಮೆಲ್ಲಗೆ.

ಅಷ್ಟರಲ್ಲಿ ಅವನೇ, "ಅಕ್ಕಾ, ಮಗೂಗೆ ಮಳೆ ಹೊಡೀತದೆ, ಗಾಜು ಎಳ್ಕೊಳ್ಳಿ" ಅಂದ. ಅಚ್ಚ ಕನ್ನಡ! ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಕಾಡಂಚಿನಲ್ಲಿ ತಲೆತಲಾಂತರದಿಂದ ಇರುವ ಸಿದ್ದಿ ಜನರವನು. ಅವರ ಪೂರ್ವಜರನ್ನು ಶತಮಾನಗಳ ಹಿಂದೆ ಪೋರ್ಚುಗೀಸರು ಮತ್ತಿತರರು ಆಫ್ರಿಕಾದಿಂದ ಗುಲಾಮರಾಗಿ ತಂದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು ೨೦೦೩ರಲ್ಲಿ.

'ನಮ್ಮವನೇ' ಎಂದು ಮನಸ್ಸು ಹಗುರಾಯಿತು. ಆದರೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಕನ್ನಡ ಬಾರದ, ಆಫ್ರಿಕಾದಿಂದ ಓದಲು ಬಂದ ಹುಡುಗನೇ ಆಗಿದ್ದರೆ? ಆಗಲೂ ಅವನ ತಪ್ಪೇನಿತ್ತು?

ಹೆಂಗಸರಿಗೆ ಎಚ್ಚರ ಬೇಕು, ನಿಜ. ಯಾರಾದರೂ ಬೇಕೆಂದೇ ಮೈ ತಾಗಿಸಿದರೆ, ದುರುಗುಟ್ಟಿ ನೋಡಿದರೆ ಸಂಕೋಚ ಬೇಡ, ಎದ್ದು ಕಂಡಕ್ಟರಿಗೆ ಹೇಳಿ. ಆದರೆ ಸುಮ್ಮನೆ ಎದೆ ಡವಗುಟ್ಟಿದಾಗ, 'ಇವನು ಏನು ಮಾಡಿದ?' ಅಂತ ಒಮ್ಮೆ ಕೇಳಿಕೊಳ್ಳಿ. ಬರೀ ಬಣ್ಣ, ಕೂದಲು ಅಂತ ಉತ್ತರ ಬಂದರೆ ದೋಷ ನಮ್ಮ ಕಣ್ಣಿನದು.

ಮಕ್ಕಳು ನಮ್ಮ ಬುದ್ಧಿಮಾತಿಗಿಂತ ನಮ್ಮ ಕೈ ನೋಡಿ ಕಲೀತಾರೆ. ಏನಂತೀರಿ?