ಗ್ರಾಂ ಎಣಿಸುವವರ ಟೆಂಟು

ಜಯನಗರ 4ನೇ ಬ್ಲಾಕಿನಲ್ಲಿ ಕಾಫಿ ಕುಡಿಯುತ್ತಾ ನನ್ನ ಚಾರಣದ ಗೆಳೆಯರು ಗ್ರಾಂ ಎಣಿಸುತ್ತಾರೆ. ಒಬ್ಬನ ಟೆಂಟು 900 ಗ್ರಾಂ, ಇನ್ನೊಬ್ಬನದು 600. ಕಡಿಮೆ ತೂಕದವನು ಗೆದ್ದ. ಈ ಪಂದ್ಯವೇ ದಡ್ಡತನದ್ದು ಎಂಬುದು ನನ್ನ ತಕರಾರು.

ಹಗುರ ಬೇಡವೆನ್ನುತ್ತಿಲ್ಲ. ಹತ್ತು ದಿನ ನಡೆದವರ ಭುಜಕ್ಕೆ ಅರ್ಧ ಕಿಲೋ ಎಂದರೇನೆಂದು ಗೊತ್ತು. ಆದರೆ ಒಂದೇ ಪದರದ ಈ ಟೆಂಟುಗಳ ಖ್ಯಾತಿ ಹುಟ್ಟಿದ್ದು ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನಂಥ, ಬೇಸಿಗೆಯಲ್ಲಿ ಬಹುಪಾಲು ಒಣಗಿರುವ ಹಾದಿಗಳಲ್ಲಿ. ಲಡಾಖಿಗೆ ಹೋಗುವವರು ಬೇಕಾದರೆ ಒಯ್ಯಲಿ. ನಾವು ವಾರಾಂತ್ಯಕ್ಕೆ ಓಡುವುದು ಪಶ್ಚಿಮ ಘಟ್ಟಕ್ಕೆ. ಅಲ್ಲಿ ಆಗುಂಬೆಯೊಂದರಲ್ಲೇ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ಮಳೆಗಾಲ ಮುಗಿದರೂ ಗಾಳಿಯ ತೇವ ಆರುವುದಿಲ್ಲ.

ಸಿಲಿಕೋನ್ ಲೇಪದ ನೈಲಾನ್ ಹೊರಗಿನ ನೀರನ್ನು ಒಳಬಿಡದು, ಒಳಗಿನ ಆವಿಯನ್ನು ಹೊರಬಿಡದು. ಕಳೆದ ನವೆಂಬರಿನಲ್ಲಿ ಸಕಲೇಶಪುರದ ಕಾಫಿ ತೋಟವೊಂದರಲ್ಲಿ, ಹನಿ ಮಳೆಯೂ ಇಲ್ಲದ ರಾತ್ರಿ, ಅರ್ಧ ತಿಂಗಳ ಫೆಲೋಶಿಪ್ ನುಂಗಿದ್ದ ಟೆಂಟಿನೊಳಗೆ ನನ್ನದೇ ಉಸಿರು ನನ್ನ ಮೇಲೆ ತೊಟ್ಟಿಕ್ಕಿತು. ಗರಿ ತುಂಬಿದ ಸ್ಲೀಪಿಂಗ್ ಬ್ಯಾಗ್ ನೆಂದು ಮುದ್ದೆಯಾಯಿತು. ಬೆಳಗಿನ ಜಾವ ಬೆರಳಿಗೆ ಜಿಪ್ಪು ಎಳೆಯುವ ಶಕ್ತಿಯೂ ಇರಲಿಲ್ಲ. ನಿಜವಾಗಿ ಹೆದರಿದೆ. ತೋಟದ ಕೆಲಸಕ್ಕೆ ಬಂದ ಅಜ್ಜ ನೋಡಿ, "ಕಂಬ್ಳಿ ತರ್ಲಿಲ್ವೇನಪ್ಪ?" ಎಂದರು. ನೆಂದ ಉಣ್ಣೆಯೂ ಒಂದಿಷ್ಟು ಬೆಚ್ಚಗಿಡುತ್ತದೆ. ಕುರಿಗಳ ಹಿಂದೆ ತಿಂಗಳುಗಟ್ಟಲೆ ನಡೆಯುವ ಕುರುಬರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪಿಎಚ್.ಡಿ. ಮಾಡುವವನಿಗೆ ಬೇಕಾಯಿತು.

ಘಟ್ಟಕ್ಕೆ ಬೇಕಿರುವುದು ಎರಡು ಪದರ: ಒಳಗೆ ಬಲೆ, ಹೊರಗೆ ಹೊದಿಕೆ, ನಡುವೆ ಗಾಳಿಯಾಡುವ ಸಂದು. ಆವಿ ಬಲೆ ದಾಟಿ ಹೊದಿಕೆಯ ಮೇಲೆ ಹನಿಗಟ್ಟಿ ಪಕ್ಕಕ್ಕೆ ಇಳಿಯುತ್ತದೆ. ಇಂಬಳವೂ ಹೊರಗೇ ಉಳಿಯುತ್ತದೆ. ಅರ್ಧ ಕಿಲೋ ಹೆಚ್ಚಾದರೆ ಆಗಲಿ. ಎರಡನೇ ಪವರ್ ಬ್ಯಾಂಕ್ ಮನೆಯಲ್ಲಿ ಬಿಡಿ.