ಸದ್ದು ಏರಿದಷ್ಟೂ ಮಾತು ಮರೆಯಾಗುತ್ತಿದೆ

ರಾಜ್ಯೋತ್ಸವದ ಸಿದ್ಧತೆಗಳು ಮಸ್ಕತ್ತಿನಲ್ಲಿ ಆರಂಭವಾಗುವ ಈ ಹೊತ್ತಿಗೆ, ವೈದ್ಯನಾಗಿ ಒಂದು ವಿನಂತಿ.

ಹಿಂದೊಮ್ಮೆ ಇಂತಹುದೇ ಸಮಾರಂಭದಲ್ಲಿ, ಊರಿನಿಂದ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ನನ್ನ ಪಕ್ಕದಲ್ಲಿ ಕುಳಿತಿದ್ದರು. "ಡಾಕ್ಟ್ರೇ, ಸದ್ದು ಕೇಳಿಸುತ್ತದೆ, ಮಾತು ತಿಳಿಯುತ್ತಿಲ್ಲ" ಎಂದರು. ಅಳಿಯಂದಿರು ಎದ್ದುಹೋಗಿ ವಾಲ್ಯೂಮ್ ಹೆಚ್ಚಿಸಿಸಿದರು. ಹಿರಿಯರು ಎರಡೂ ಕಿವಿ ಮುಚ್ಚಿಕೊಂಡರು.

ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ವಯಸ್ಸಾದಂತೆ ಒಳಗಿವಿಯ ರೋಮಕೋಶಗಳು ನಶಿಸುತ್ತವೆ. ಮೊದಲು ಮಂಕಾಗುವುದು ಎತ್ತರದ ಕಂಪನಾಂಕಗಳು. ಮೆಲುದನಿ ಕೇಳಿಸದು, ಜೋರುದನಿ ಸಹಿಸಲಾಗದು. ಸ್ವರಾಕ್ಷರಗಳ ಬಲ ಬಹುಪಾಲು 1,000 ಹರ್ಟ್ಸ್‌ಗಿಂತ ಕೆಳಗಿದ್ದರೆ, 'ಸ'ಕಾರದ್ದು 4,000 ಹರ್ಟ್ಸ್‌ನ ಆಸುಪಾಸು ಮತ್ತು ಅದರ ಮೇಲೆ. ಹಳೆಯ ದೂರವಾಣಿಯು 300ರಿಂದ 3,400 ಹರ್ಟ್ಸ್‌ವರೆಗೆ ಮಾತ್ರ ಸಾಗಿಸುತ್ತಿದ್ದುದರಿಂದಲೇ ಊರಿಗೆ ಕರೆ ಮಾಡಿ ಹೆಸರಿನ ಅಕ್ಷರ ಹೇಳುವಾಗ 'ಎಸ್' 'ಎಫ್' ಆಗಿ ಕೇಳುತ್ತಿತ್ತು! ಸ್ವರ ದನಿಗೆ ತೂಕ ಕೊಡುತ್ತದೆ. ಮಾತಿನ ಅರ್ಥ ಹೆಚ್ಚಾಗಿ ವ್ಯಂಜನಗಳಲ್ಲಿದೆ.

ವಾಲ್ಯೂಮ್ ಎಲ್ಲವನ್ನೂ ಒಟ್ಟಿಗೆ ಏರಿಸುತ್ತದೆ. ಈಕ್ವಲೈಸರ್ ಹಾಗಲ್ಲ. 20ರಿಂದ 20,000 ಹರ್ಟ್ಸ್‌ವರೆಗಿನ ಶ್ರಾವ್ಯ ವ್ಯಾಪ್ತಿಯನ್ನು ಅದು ಪಟ್ಟಿಗಳಾಗಿ ವಿಂಗಡಿಸುತ್ತದೆ (ವೇದಿಕೆಗಳಲ್ಲಿ ಬಳಸುವುದರಲ್ಲಿ ಸಾಮಾನ್ಯವಾಗಿ 31) ಮತ್ತು ಪ್ರತಿಯೊಂದನ್ನೂ ಬೇರೆಯಾಗಿ ಏರಿಸಲು, ಇಳಿಸಲು ಬಿಡುತ್ತದೆ. ನಮ್ಮವರು ಸಾಮಾನ್ಯವಾಗಿ ಎಡತುದಿಯ ಬಾಸ್ ಏರಿಸುತ್ತಾರೆ. ಅಲ್ಲಿಯೇ ನನ್ನ ಆಕ್ಷೇಪ. ಭಾರಿ ಕೆಳದನಿಯು ತನಗಿಂತ ಮೇಲಿನ ದನಿಗಳನ್ನು ಕಿವಿಯೊಳಗೇ ಮರೆಮಾಡುತ್ತದೆ. ಜೊತೆಗೆ, 3 ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರ್ ಎರಡು ಪಟ್ಟು, 10 ಏರಿಸಿದರೆ ಹತ್ತು ಪಟ್ಟು ಶಕ್ತಿ ನೀಡಬೇಕು. ಆಗದಿದ್ದಾಗ ದನಿ ಒಡೆಯುತ್ತದೆ. ಭಾಷಣದ ಮೈಕಿಗೆ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ನಷ್ಟವೇನಿಲ್ಲ, ಮಾತು ತಿಳಿಯಾಗುತ್ತದೆ.

ನೃತ್ಯಕ್ಕೆ ಬಾಸ್ ಇಲ್ಲದಿದ್ದರೆ ಸಪ್ಪೆ ಎಂಬ ಯುವಕರ ಮಾತನ್ನು ಒಪ್ಪುತ್ತೇನೆ. ನೃತ್ಯಕ್ಕೊಂದು ಹೊಂದಿಕೆ ಇರಲಿ, ಭಾಷಣಕ್ಕೆ ಇನ್ನೊಂದು. ಆದರೆ ಮಕ್ಕಳನ್ನು ಸ್ಪೀಕರಿನ ಮುಂದೆ ಕೂರಿಸಬೇಡಿ. 85 ಡೆಸಿಬೆಲ್ ಎಂಟು ಗಂಟೆ ಸಹ್ಯವೆಂಬ ಅಮೆರಿಕದ ನಿಯೋಷ್ ಸಂಸ್ಥೆಯ ಮಾನದಂಡ ದುಡಿಯುವ ವಯಸ್ಕರಿಗಾಗಿ ರೂಪಿಸಿದ್ದು. ಅದರಂತೆಯೇ 100 ಡೆಸಿಬೆಲ್‌ಗೆ ಮಿತಿ ಕೇವಲ 15 ನಿಮಿಷ.

ಈಕ್ವಲೈಸರ್ ಶ್ರವಣಯಂತ್ರಕ್ಕೆ ಬದಲಿಯಲ್ಲ. ಸಭಾಂಗಣದ ಪ್ರತಿಧ್ವನಿಯನ್ನೂ ಅದು ಅಳಿಸಲಾರದು. ಆದ್ದರಿಂದ ಈ ಬಾರಿ ಧ್ವನಿ ಪರೀಕ್ಷೆಯ ವೇಳೆ ಕೊನೆಯ ಸಾಲಿನಲ್ಲಿ ಎಪ್ಪತ್ತು ದಾಟಿದವರೊಬ್ಬರನ್ನು ಕೂರಿಸಿ, ವೇದಿಕೆಯಿಂದ ನಾಲ್ಕು ವಾಕ್ಯ ಓದಿ. ಅವರು ಅದನ್ನು ತಪ್ಪಿಲ್ಲದೆ ಹೇಳುವವರೆಗೆ ಬಾಸ್ ಇಳಿಸುತ್ತಾ ಬನ್ನಿ.